ಕಥೆ ಮುಗಿಯಲಿ ಎಂದು ಕಾದವರು

ಕ್ಯಾಪ್ಟನ್ ಒಮ್ಮೆ ಬಾಯಿ ತೆರೆದರೆ ವಿಮಾನ ಇಳಿಯುವವರೆಗೆ ಮುಚ್ಚುವುದಿಲ್ಲ ಎಂಬುದು ಕಂಪನಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಬೆನ್ನ ಹಿಂದೆ 'ಕಥೆ ಕ್ಯಾಪ್ಟನ್' ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಒಳಗೊಳಗೇ ಖುಷಿಯೂ ಆಗಿತ್ತು. ತಪ್ಪೇನು ಹೇಳಿ? ಗಂಟೆಗಟ್ಟಲೆ ಸಮುದ್ರದ ಮೇಲೆ ಹಾರಬೇಕು, ವಿಮಾನವನ್ನು ಯಂತ್ರವೇ ಓಡಿಸುತ್ತಿರುತ್ತದೆ, ಕಿಟಕಿಯಾಚೆ ನೀಲಿ ಬಿಟ್ಟರೆ ಬೇರೇನಿಲ್ಲ. ತೂಕಡಿಸದೆ ಇರಬೇಕಾದರೆ ಮಾತು ಬೇಡವೇ? ಹಿಂದೆ ಸರಕು ವಿಮಾನದಲ್ಲಿದ್ದಾಗ ಕುದುರೆಯೊಂದು ಹಗ್ಗ ಕಿತ್ತುಕೊಂಡು ಬಂದು ಕಾಕ್‌ಪಿಟ್ ಬಾಗಿಲಿಗೆ ಮೂತಿ ತೂರಿಸಿದ ಕಥೆಯಂತೂ ಹತ್ತು ಸಲ ಕೇಳಿದವರನ್ನೂ ಹೊಟ್ಟೆ ಹಿಡಿದು ನಗಿಸುತ್ತಿತ್ತು.

ಆ ಕುದುರೆಯೇ ಕೊನೆಗೆ ಮುಳುವಾಯಿತು.

ಅಂದು ಪಕ್ಕದ ಸೀಟಿನಲ್ಲಿದ್ದ ಕೋ-ಪೈಲಟ್ ಚುರುಕು ಹುಡುಗಿ. ಕ್ಯಾಪ್ಟನ್ ಹುದ್ದೆಯ ಪರೀಕ್ಷೆಗೆ ಅವಳ ಹೆಸರು ಆಗಲೇ ಬಂದಿತ್ತು. ಮುಂದೆ ಬಿರುಗಾಳಿಯಿದೆ, ದಾರಿ ಬದಲಿಸಿ ಎಂದು ಕೆಳಗಿನ ನಿಯಂತ್ರಣ ಕೇಂದ್ರದಿಂದ ಸಂದೇಶ ಬಂತು. ಹೊಸ ದಾರಿಯ ಅಂಕೆಗಳನ್ನು ಒಬ್ಬರು ಒತ್ತಬೇಕು, ಇನ್ನೊಬ್ಬರು ಓದಿ ಸರಿ ಅನ್ನಬೇಕು, ಅದು ನಿಯಮ. ಕ್ಯಾಪ್ಟನ್ ಬೆರಳು ಅಂಕೆ ಒತ್ತುತ್ತಿತ್ತು, ಬಾಯಲ್ಲಿ ಕುದುರೆ ಓಡುತ್ತಿತ್ತು. ಒಂದು ಅಂಕೆ ತಪ್ಪಿತು. ಹುಡುಗಿ ನೋಡಿದಳು.

"ಸರ್..." ಅಂದಳು.

"ಇರಮ್ಮಾ, ಮಜಾ ಇರೋದೇ ಈಗ!"

ಇರಮ್ಮಾ ಅಂದರು, ಇದ್ದಳು ಪಾಪ. ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬಾರದು ಎಂದು ಹೇಳಿಸಿಕೊಂಡೇ ಬೆಳೆದವಳು. ಕುದುರೆ ಮುಗಿಯುವ ಹೊತ್ತಿಗೆ ಊಟ ಬಂತು, ಊಟದ ಜೊತೆ ಇನ್ನೊಂದು ಕಥೆ ಬಂತು, ನಗುವಿನ ಭರದಲ್ಲಿ ಅವಳಿಗೂ ಅಂಕೆ ಮರೆತೇಹೋಯಿತು. ವಿಮಾನ ತನ್ನ ಪಾಡಿಗೆ ಓರೆಯಾಗಿ ಸಾಗಿತು. "ನೀವು ಎಲ್ಲಿಗೆ ಹೊರಟಿದ್ದೀರಿ?" ಎಂದು ಕೆಳಗಿನಿಂದ ಕೇಳಿದಾಗಲೇ ಇಬ್ಬರೂ ಆ ಅಂಕೆಯನ್ನು ಮತ್ತೆ ನೋಡಿದ್ದು. ಪಕ್ಕದ ದಾರಿಯಲ್ಲಿ ಎದುರಿಗೆ ಬರುತ್ತಿದ್ದ ವಿಮಾನವನ್ನು ಅಷ್ಟರಲ್ಲಿ ಮೇಲಕ್ಕೆ ಏರಿಸಿದ್ದರು, ಪುಣ್ಯ. ಹಿಂದೆ ಕೂತಿದ್ದ ಮುನ್ನೂರು ಜನಕ್ಕೆ ಏನೊಂದೂ ಗೊತ್ತಾಗಲಿಲ್ಲ.

ವಿಚಾರಣೆ ಶುರುವಾಯಿತು. ತಪ್ಪು ಕಂಡಿತ್ತು, ಹೇಳಲು ಹೋದೆ, ಇರು ಅಂದರು ಎಂದಳು ಹುಡುಗಿ. ಮಾತು ದಾಖಲಾಗುವ ಯಂತ್ರದಲ್ಲಿ ಕೊನೆಯ ಎರಡು ಗಂಟೆಯದಷ್ಟೇ ಉಳಿದಿತ್ತು, ಕುದುರೆಯ ಹೊತ್ತಿನದು ಅಳಿಸಿಹೋಗಿತ್ತು. ಕ್ಯಾಪ್ಟನ್ನರಿಗೆ ಅದು ನೆನಪೇ ಇಲ್ಲ. ಹಳೆಯ ಸ್ನೇಹಿತನೊಬ್ಬ, ಆಫೀಸಿನಲ್ಲಿ ದೊಡ್ಡ ಹುದ್ದೆಯವನು, ಮೆಲ್ಲಗೆ ಅಂದ: "ಅವಳು ಬಾಯೇ ಬಿಡಲಿಲ್ಲ ಅಂತ ನಾಳೆ ಹೇಳ್ಬಿಡು. ನಿನಗೊಂದು ಎಚ್ಚರಿಕೆ ಕೊಟ್ಟು ಮುಗಿಸ್ತಾರೆ, ನಿವೃತ್ತಿವರೆಗೂ ಆರಾಮಾಗಿ ಹಾರಬಹುದು." ಹಾಗೆ ಹೇಳಿದರೆ ಹುಡುಗಿಯ ಪರೀಕ್ಷೆಗೆ ಎಳ್ಳುನೀರು. ಆದರೆ ನೆನಪಿಲ್ಲದ್ದನ್ನು ಒಪ್ಪಿಕೊಳ್ಳುವುದಾದರೂ ಹೇಗೆ?

ಸಂಜೆ ಹೆಂಡತಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಕ್ಯಾಪ್ಟನ್ ಎದುರು ಕೂತು ಎಲ್ಲ ಹೇಳಿ, "ನೀನೇ ಹೇಳೇ, ನಾನು ಯಾವತ್ತಾದ್ರೂ ನಿನ್ನ ಮಾತು ತಡೆದಿದ್ದೀನಾ?" ಎಂದು ಕೇಳಿದರು.

"ಇಲ್ಲಪ್ಪ. ನಾನು ಮಾತಾಡಿದ್ರೆ ತಾನೆ ನೀವು ತಡೆಯೋದು?"

ಕ್ಯಾಪ್ಟನ್ ನಕ್ಕರು. ಹೆಂಡತಿ ನಗಲಿಲ್ಲ.

"ಮದುವೆಯಾದ ಹೊಸದರಲ್ಲಿ, ನೆಂಟರ ಮುಂದೆ ಏನೋ ಹೇಳ್ತಿದ್ರಿ. 'ಅದು ಹಾಗಲ್ಲ ರೀ' ಅಂದೆ. ಅಷ್ಟಕ್ಕೇ ಒಂದು ವಾರ ನನ್ನ ಜೊತೆ ಮಾತು ಬಿಟ್ರಿ. ಬಚ್ಚಲಲ್ಲಿ ಕೂತು ಅಳ್ತಿದ್ದೆ. ಆವತ್ತಿಂದ ನಿಮ್ಮ ಕಥೆ ಮುಗೀಲಿ ಅಂತ ಕಾಯ್ತೀನಿ. ಮಗಳೂ ಅಷ್ಟೇ. ಅವಳು ಕೆಲಸ ಬಿಟ್ಟಿದ್ದು ನಿಮಗೆ ತಿಳಿದಿದ್ದು ಯಾವಾಗ? ತಿಂಗಳಾದ ಮೇಲೆ."

ಕ್ಯಾಪ್ಟನ್ನರಿಗೆ ಸಿಟ್ಟು ನೆತ್ತಿಗೇರಿತು. ಸುಳ್ಳು ಎನ್ನಲು ಬಾಯಿ ತೆರೆದರು. ಆ ವಾರವನ್ನು ನೆನಪಿಸಿಕೊಳ್ಳಲು ಎಷ್ಟು ತಿಣುಕಿದರೂ ಆಗಲಿಲ್ಲ. ಹೆಂಡತಿ ಅತ್ತದ್ದೇ ನೆನಪಿಲ್ಲದವನಿಗೆ 'ಇರಮ್ಮಾ' ಅಂದದ್ದು ನೆನಪಿರುತ್ತದೆಯೇ? ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮರುದಿನ ವಿಚಾರಣೆಯವರ ಮುಂದೆ, "ಆ ಹುಡುಗಿ ಹೇಳಿದ್ದೇ ನಿಜ, ಅವಳನ್ನ ತಡೆದೋನು ನಾನು," ಎಂದರು.

"ನೆನಪಿಲ್ಲ ಅಂದಿದ್ರಲ್ಲ?"

"ನನಗಿಲ್ಲ. ನನ್ನ ಹೆಂಡತಿಗಿದೆ."

"ಅವರು ಆ ವಿಮಾನದಲ್ಲಿದ್ರಾ?"

"ಇಲ್ಲ. ಮೂವತ್ತು ವರ್ಷದಿಂದ ನಮ್ಮ ಮನೇಲಿದ್ದಾರೆ."

ಮನೆಗೆ ಬಂದವರೇ ಬೂಟು ಬಿಚ್ಚುತ್ತಾ ಶುರು ಮಾಡಿದರು: "ಆ ಕೋಣೆಗೆ ಹೋದೆ ನೋಡು, ಮೂರು ಜನ ಕೂತಿದ್ರು, ಅದರಲ್ಲೊಬ್ಬನಿಗೆ ಶೀತ..."

"ರೀ, ನಿಲ್ಸಿ," ಅಂದರು ಹೆಂಡತಿ. "ಇನ್ಮೇಲೆ ಹಾರ್ತೀರೋ ಇಲ್ವೋ?"

"ಇಲ್ಲ."

"ಆ ಹುಡುಗಿ?"

"ಪರೀಕ್ಷೆಗೆ ಕೂರ್ತಾಳೆ."

ಹೆಂಡತಿ ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತರು. "ಹಾಗಾದ್ರೆ ಈಗ ನಾನು ಸ್ವಲ್ಪ ಮಾತಾಡ್ಬೇಕು," ಅಂದರು.