ಗಂಡನ ಹೆಸರು ಕೇಳೋ ಕಂಪ್ಯೂಟರ್

ನಮ್ಮ ಮನೆಯವರದು ರೈಲ್ವೆ ನೌಕರಿ. ಹುಬ್ಬಳ್ಳಿಯಿಂದ ನಾಗಪುರಕ್ಕ ವರ್ಗ ಆಗಿ ಪ್ರತಾಪ ನಗರದಾಗ ಮನಿ ಹಿಡದ್ವಿ. ಮಧ್ಯಾಹ್ನ ಮಲಗಿ ಮಲಗಿ ನನಗ ಬ್ಯಾಸರಾಗಿತ್ತು. ಅದೇ ಹೊತ್ತಿಗೆ ಒಂದು ಸೇವಾಸಂಸ್ಥೆಯವರು ಹಳ್ಳಿ ಹೆಂಗಸರಿಗೆ ಕಂಪ್ಯೂಟರಿನಿಂದ ಓದು ಕಲಿಸಾಕ ಒಬ್ಬ ಮ್ಯಾಡಂನ ಹುಡುಕ್ತಿದ್ರು. ನನಗ ಮರಾಠಿ ಬರೋಬರ್ ಬರಂಗಿಲ್ಲ ಅಂದೆ. "ಏನೂ ಚಿಂತಿಲ್ಲ. ಕಲಿಸೋದೆಲ್ಲಾ ಕಂಪ್ಯೂಟರ್. ನೀವು ಬಟನ್ ಒತ್ತಿದ್ರ ಸಾಕು," ಅಂದ ಅವರ ಸಾಹೇಬ. ಇಂಥಾ ದೊಡ್ಡ ಹುದ್ದೆ ಯಾರು ಬಿಡ್ತಾರ? ಹೂಂ ಅಂದೆ.

ಕೋರಾಡಿ ದಾಟಿ ಬಸ್ ಇಳದ್ರ ಆ ಹಳ್ಳಿ. ವಿದ್ಯುತ್ ಸ್ಥಾವರದ ಚಿಮಣಿ ಅಲ್ಲಿಂದ ಭಾಳ ಚಂದ ಕಾಣತಾವ. ಕರೆಂಟ್ ಮಾತ್ರ ಅದಕ್ಕ ಮನಸ್ಸು ಬಂದಾಗ ಬರತೈತಿ. ಸಮಾಜ ಮಂದಿರದಾಗ ನಾಕು ಕಂಪ್ಯೂಟರ್ ಇಟ್ಟಿದ್ರು. ದಿನಾ ಹೋದ ಕೂಡ್ಲೇ ಅವುಗಳ ಮ್ಯಾಲೆ ಕುಂತ ಚಿಮಣಿ ಬೂದಿ ಒರಸೋದು, ಆಮ್ಯಾಲೆ ವಿದ್ಯಾದಾನ. ಪಾಠಕ್ಕ ಒಬ್ಬ ಗಂಡಸಿನ ದನಿ ಹಾಕಿದ್ರು. ಅದು ಗುಡುಗಿದ್ದ ತಡ, ಹೆಂಗಸರೆಲ್ಲಾ ಸೆರಗು ತಲಿಮ್ಯಾಲೆ ಎಳಕೊಂಡ್ರು, ಮಾವ ಬಂದ್ನೇನೋ ಅನ್ನೋಹಂಗ. ಸಾಹೇಬ ಅದರದ್ದೂ ಒಂದು ಫೋಟೋ ಹೊಡದು, ಕೆಳಗ "ಪರಿವರ್ತನೆ" ಅಂತ ಬರದು ಮ್ಯಾಲಿನವರಿಗೆ ಕಳಿಸಿದ.

ಅವರೊಳಗ ಒಬ್ಬಾಕಿ ಭಾಳ ಚುರುಕು. ನಲವತ್ತು ದಾಟಿದಾಕಿ, ಮಂದಿ ಹೊಲದಾಗ ಹತ್ತಿ ಬಿಡಿಸಿ ಮಕ್ಕಳನ್ನ ಸಾಕತಿದ್ಲು. ಸ್ಥಾವರದ ಕಾಲನಿಯ ಒಂದು ಕ್ಯಾಂಟೀನಿನಾಗ ಚಪಾತಿ ಲಟ್ಟಿಸೋ ಕಾಯಂ ಕೆಲಸ ಆಕಿಗೆ ಸಿಗೋದಿತ್ತು. ಆದ್ರ ಓದು ಬರತೈತಿ ಅಂತ ಸರ್ಟಿಫಿಕೇಟ್ ತರಬೇಕಂತ. ಚಪಾತಿ ಮ್ಯಾಲೆ ಅದೇನು ಬರದಿರತೈತೋ ದೇವರೇ ಬಲ್ಲ! ಆಕಿ ಅದಕ್ಕೂ ತಯಾರಾದ್ಲು. ಹೊಲದಿಂದ ಸೀದಾ ಬಂದು ಕುಂದರತಿದ್ಲು. ದೀಪಾವಳಿ ಅನ್ನೂದ್ರೊಳಗ, ಬರೋ ಬಸ್ಸಿನ ಬೋರ್ಡು ಓದಿ, "ಇದು ಖಾಪರಖೇಡಾದ್ದು ಮ್ಯಾಡಂ, ಹತ್ತಬ್ಯಾಡ್ರಿ," ಅಂತ ನನಗೇ ಹೇಳೋಹಂಗಾದ್ಲು.

ಕಡೀ ಪಾಠದಾಗ ನಿಮ್ಮ ಪೂರ್ಣ ಹೆಸರು ತೆರಿ ಮ್ಯಾಲೆ ಬರತೈತಿ. ಅದನ್ನ ಮೈಕ್ ಮುಂದ ಗಟ್ಟಿಯಾಗಿ ಓದಿದ್ರನ ಸರ್ಟಿಫಿಕೇಟ್. ಈ ಕಡೆ ಹೆಂಗಸಿನ ಪೂರ್ಣ ಹೆಸರಂದ್ರ ಮೊದಲು ತನ್ನದು, ನಡುವ ಗಂಡಂದು, ಕಡೀಕ ಗಂಡನ ಮನೆತನದ್ದು. ಗಂಡನ ಹೆಸರು ಬಾಯಾಗ ತರೋದಂದ್ರ ಅಬ್ಬಬ್ಬಾ! ನಮ್ಮ ಕಡೆ ಒಡಪು ಹಾಕಿ ಹೇಳತಾರಲ್ಲ, ಇಲ್ಲೂ ಹಂಗ, ಉಖಾಣಾ ಅಂತಾರ. ಒಬ್ಬಾಕಿ ಮೈಕ್ ಹಿಡದು ತುಳಸಿಕಟ್ಟಿ, ಹಾಲು, ಸಕ್ಕರಿ ಎಲ್ಲಾ ಸೇರಿಸಿ ಪ್ರಾಸ ಕಟ್ಟಿ ಗಂಡನ ಹೆಸರು ಹೇಳಿದ್ಲು. ಉಳದವರು ಚಪ್ಪಾಳಿ ಹೊಡದ್ರು. "ತಪ್ಪು. ಇನ್ನೊಮ್ಮೆ ಪ್ರಯತ್ನಿಸಿ," ಅಂತು ಕಂಪ್ಯೂಟರ್. ರಸಿಕತನ ಅನ್ನೋದು ಅದಕ್ಕ ಎಲ್ಲಿಂದ ಬರಬೇಕು? ಕಡೀಕ ನಕ್ಕೋಂತ, ನಾಚಕೋಂತ ಒಬ್ಬೊಬ್ಬರಾಗಿ ಸೀದಾ ಓದಿ ಪಾಸಾದ್ರು.

ಆ ಚುರುಕಿನಾಕಿ ಮಾತ್ರ ತುಟಿ ಬಿಚ್ಚಲಿಲ್ಲ. ನನ್ನೊಳಗಿನ ಸುಧಾರಕಿ ಸೆರಗು ಕಟ್ಟಿ ಎದ್ದು ನಿಂತ್ಲು. ಹೆಣ್ಣಿನ ಹಕ್ಕು, ಮೂಢನಂಬಿಕಿ, ಆಕಾಶಕ್ಕ ಹೋಗೋ ರಾಕೆಟ್ಟು, ಎಲ್ಲಾ ನನ್ನ ಮುರಕು ಮರಾಠಿಯೊಳಗ ಹೇಳಿ ಆಕಿ ತಲಿ ಕೊರದೆ. ನಮ್ಮ ಮನೆಯವರನ್ನ ನಾನು ಇವತ್ತಿಗೂ "ಏನ್ರೀ" ಅಂತನ ಕರಿಯೋದು, ಆ ಮಾತು ಬ್ಯಾರೆ.

ಆಕಿ ಎಲ್ಲಾ ಕೇಳಿ ಅಂದ್ಲು: "ನಾಚಿಕಿ ಅಲ್ರೀ ಮ್ಯಾಡಂ. ಅಂವ ಇನ್ನೊಬ್ಬಾಕಿನ ಕಟಗೊಂಡು ಹೋಗಿ ಎಷ್ಟೋ ವರ್ಷ ಆತು. ಮಕ್ಕಳು ಉಪವಾಸ ಅದಾವು ಅಂತ ಕೇಳಾಕ ಹೋದ್ರ, ಓಣಿ ಮಂದಿ ಮುಂದ ನನ್ನ ಹೊಡದು ಕಳಿಸಿದ. ಆ ಹೆಸರು ನನ್ನ ಬಾಯಾಗ ಬ್ಯಾಡ."

ನಾಚಿ ಹಿಡಿಯಷ್ಟಾದೆ. ಸಾಹೇಬಗ ಫೋನ್ ಹಚ್ಚಿ, ನಡುವಿನ ಹೆಸರು ತಗೀರಿ ಅಂತ ಕೇಳಿದೆ. "ಆ ಖಾನೆ ಖಾಲಿ ಬಿಟ್ರ ಸಿಸ್ಟಮ್ ಮುಂದ ಹೋಗಂಗಿಲ್ಲ ಮ್ಯಾಡಂ. ಒಂದು ಹೆಸರು ಹೇಳಾಕ ಏನು ಧಾಡಿ?" ಅಂದ. ಹೆಣ್ಣುಮಕ್ಕಳನ್ನ ತಮ್ಮ ಕಾಲಮ್ಯಾಲೆ ನಿಂದ್ರಸೋ ಸಿಸ್ಟಮ್ ಅದು, ಗಂಡ ಇಲ್ಲದೆ ಮುಂದ ಹೋಗಂಗಿಲ್ಲಂತ! ಸಿಟ್ಟಿಗೆ ಕಂಪ್ಯೂಟರ್ ಎತ್ತಿ ಹೊರಗ ಒಗಿಬೇಕನಿಸ್ತು.

ಫೋನಿನ ಮಾತು ಆಕಿಗೂ ಕೇಳಿಸಿತ್ತು. ಕ್ಯಾಂಟೀನಿನವರು ಆ ವಾರ ದಾಟಿದ್ರ ಕಾಯೋದಿಲ್ಲ ಅಂದಿದ್ರು. ಆಕಿ ಮೈಕ್ ಹತ್ತಿರ ಎಳಕೊಂಡು, ಮೂರೂ ಹೆಸರು ಒಂದ ಉಸಿರಿನಾಗ ಓದಿ ಒಗದ್ಲು. ಸರಿ ಅಂತು ಕಂಪ್ಯೂಟರ್. ಆಕಿ ಎದ್ದು ಹೊರಗಿನ ನಳಕ್ಕ ಹೋಗಿ, ಬಾಯಿ ಮುಕ್ಕಳಿಸಿ ಉಗುಳಿ ಬಂದ್ಲು.

"ಸರ್ಟಿಫಿಕೇಟ್ ಬಂತಲ್ಲ?" ಅಂತ ನನ್ನ ಕೇಳಿದ್ಲು.

"ಬಂತು ಅಕ್ಕಾ. ಇನ್ನ ಕೆಲಸ ನಿಂದ."

"ಹಂಗಾರ ಈಗ ಅಳಿಸೋದು ಹೆಂಗ ತೋರಸ್ರಿ. ಅದೊಂದು ನೀವು ಕಲಿಸೇ ಇಲ್ಲ."

ತೋರಿಸಿದೆ. ತೆರಿ ಮ್ಯಾಲಿಂದ ಅವನ ಮನೆತನ, ಆಮ್ಯಾಲೆ ಅವನ ಹೆಸರು, ಒಂದೊಂದ ಅಕ್ಷರ ಅಳಿಸಿದ್ಲು. ಉಳದ ತನ್ನ ಹೆಸರಷ್ಟನ್ನ ಮೈಕ್ ಮುಂದ ಸಾವಕಾಶ ಓದಿದ್ಲು.

"ಹೆಸರು ಅಪೂರ್ಣ," ಅಂತು ಆ ಗಂಡಸಿನ ದನಿ.

"ಪೂರಾ ಐತಿ," ಅಂದ್ಲು ಆಕಿ ಅದಕ್ಕ.