ತೊಟ್ಟಿಗೆ ಹಾಕಿದ ಬೆಲ್ಲ

ಬೆಲ್ಲ ಹಾಕಿದವನು ನಾನೇ, ಮೇಡಂ. ನಿಮ್ಮ ಕೆಲಸ ಹೋದದ್ದು ನನ್ನಿಂದ.

ಹೊಸದುರ್ಗದ ಆ ಕೊಬ್ಬರಿ ಪುಡಿ ಫ್ಯಾಕ್ಟರಿಯಲ್ಲಿ ಕೊಳಕು ನೀರು ಶುದ್ಧ ಮಾಡುವ ತೊಟ್ಟಿಗಳನ್ನು ನೀವು ಬರುವ ಮೊದಲು ನೋಡಿಕೊಳ್ಳುತ್ತಿದ್ದವನು ನಾನೊಬ್ಬನೇ. ಓದಿದ್ದು ಏಳನೇ ಕ್ಲಾಸು. ಸಗಣಿ, ಬೆಲ್ಲ ಕಲಸಿ ಸುರಿದು ಅದರಲ್ಲಿ ಕೊಳಕು ತಿನ್ನುವ ಜೀವಾಣು ಹುಟ್ಟಿಸಿದ್ದೆ — ಆ ಜಂಬ ಇಳಿದಿರಲಿಲ್ಲ. ನೀವು ಚಿತ್ರದುರ್ಗದಿಂದ ಕೆಮಿಸ್ಟ್ ಆಗಿ ಬಂದು, "ಇನ್ನು ಬೆಲ್ಲ ಬ್ಯಾಡ ಅಣ್ಣ, ಕಾಯಿನೀರಿನ ಸಕ್ಕರೆನೇ ಜಾಸ್ತಿ ಐತೆ. ಜೀವಾಣುಗೆ ನಾನ್ ಲೆಕ್ಕ ಹಾಕಿ ಕೊಟ್ಟಷ್ಟು ಯೂರಿಯಾ ಅಷ್ಟೇ ಹಾಕ್ರಿ" ಅಂದಿರಿ. ನನ್ನ ಕೈಗುಣವೇ ಬೇಡ ಅಂದ ಹಾಗೆ — ನನಗೆ ಕೇಳಿಸಿದ್ದು ಹಾಗೆ. ಕದ್ದುಮುಚ್ಚಿ ಬೆಲ್ಲ ಹಾಕುತ್ತಲೇ ಹೋದೆ.

ಜೀವಾಣುಗಳು ಬಿಡುವ ಲೋಳೆ ಸ್ವಲ್ಪವಿದ್ದರೆ ಕೆಸರು ಗಂಟು ಕಟ್ಟಿ ತಳಕ್ಕೆ ಕೂರುತ್ತದೆ. ಸಕ್ಕರೆ ಅತಿಯಾದರೆ ಲೋಳೆಯೂ ಅತಿಯಾಗಿ, ನೀರು ಹಿಡಿದುಕೊಂಡು ಉಬ್ಬುತ್ತದೆ — ನೀವೇ ಹೇಳಿಕೊಟ್ಟದ್ದು. ಒಂದು ದಿನ ತೊಟ್ಟಿಯ ಕೆಸರನ್ನು ನೀವು ಗಾಜಿನ ಜಾಡಿಯಲ್ಲಿ ಎಷ್ಟು ಹೊತ್ತು ಇಟ್ಟರೂ ಅದು ಕೆಳಗಿಳಿಯಲಿಲ್ಲ. ಬೆರಳಲ್ಲಿ ಮುಟ್ಟಿ ನೋಡಿ ಕೇಳಿದಿರಿ:

"ಅಣ್ಣ, ಸಿಹಿ ಏನಾರ ಹಾಕಿದ್ರಾ?"

"ನಾನೇನ್ ಇಲ್ಲಿ ಪಾಯಸ ಮಾಡ್ತಿದೀನಾ ಮೇಡಂ?"

ಸುತ್ತ ಇದ್ದವರು ನಕ್ಕರು. ನೀವೂ ನಕ್ಕಿರಿ — ನಂಬಿದಿರಿ.

ಕೆಸರು ಉಕ್ಕಿ ಪಕ್ಕದ ಹೊಂಡಕ್ಕೆ ಹರಿಯಿತು. ಕುರಿಗಳು ನೀರು ಕುಡಿಯುವ ಹೊಂಡ. ಕುರಿಯವರು ಬಂದು ಗೇಟಿನ ಮುಂದೆ ನಿಂತರು. "ಯೂರಿಯಾ ಲೆಕ್ಕ ತಪ್ಪಿಸಿದ್ದು ನೀನೇ ಕಣಮ್ಮ, ನಾಳೆಯಿಂದ ಬರಬ್ಯಾಡ" ಎಂದು ಮ್ಯಾನೇಜರ್ ನಿಮಗೆ ಹೇಳುವಾಗ ನಾನು ಅಲ್ಲೇ, ಮೂರು ಮಾರು ದೂರದಲ್ಲಿ — ಬಾಯಿ ಬಿಡಲಿಲ್ಲ.

ನೀವು ಹೋದ ಮೇಲೆ ಬೆಲ್ಲ ನಿಲ್ಲಿಸಿದೆ. ನೀವು ಹೇಳಿದ್ದನ್ನಷ್ಟೇ ಮಾಡಿದೆ. ಕೆಸರು ಕೂತಿತು. "ಓದಿದೋರಿಗಿಂತ ನೀನೇ ವಾಸಿ ಕಣಲೇ" ಎಂದು ಮ್ಯಾನೇಜರ್ ಬೆನ್ನು ತಟ್ಟಿದರು. ತಟ್ಟಿಸಿಕೊಂಡೆ.

ಹೋದ ವರ್ಷ ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿರಿ. ಬೇರೆ ಯಾವ ಫ್ಯಾಕ್ಟರಿಯವರೂ ತೆಗೆದುಕೊಳ್ಳಲಿಲ್ಲವಂತೆ, ಬಟ್ಟೆ ಅಂಗಡಿಯಲ್ಲಿ ಕೆಲಸವಂತೆ. ಆಮೇಲೆ ಮೆಲ್ಲಗೆ, "ಅಣ್ಣ, ನನ್ ಲೆಕ್ಕ ಎಲ್ಲಿ ತಪ್ತು ಅಂತ ನಿಮಗೇನಾರ ಗೊತ್ತಾಯ್ತಾ? ಇವತ್ತಿಗೂ ಕುಂತ್ಕಂಡು ಹಾಕ್ತೀನಿ" ಎಂದಿರಿ.

"ಬಸ್ ಬಂತು ಮೇಡಂ, ಹತ್ರಿ" ಎಂದೆ. ಬಂದದ್ದು ಬೇರೆ ಊರಿನ ಬಸ್ಸು.

ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ಇದನ್ನು ಮ್ಯಾನೇಜರ್ ಎದುರೂ ಹೇಳುತ್ತೇನೆ. ಅದರಿಂದ ನಿಮ್ಮ ಕೆಲಸ ವಾಪಸು ಬರುವುದಿಲ್ಲ, ಗೊತ್ತು. ಆದರೆ ಇನ್ನು ಆ ಲೆಕ್ಕ ಹಾಕುವುದನ್ನು ಬಿಡಿ, ಮೇಡಂ.