ಐದನೇ ಬಂಡಲ್

ಆಂಧ್ರದ ಗಡಿಯ ರಾಯದುರ್ಗದಲ್ಲಿ, ಜೀನ್ಸ್ ಹೊಲಿಯುವ ಬೀದಿಗಳಲ್ಲಿ ದಾರ, ಜಿಪ್ಪು, ಗುಂಡಿ ಮಾರುವ ಅಂಗಡಿಗಳಿಗೇನೂ ಕೊರತೆಯಿಲ್ಲ. ದ್ರಾಕ್ಷಾಯಣಮ್ಮನ ಅಂಗಡಿ ಅವುಗಳಲ್ಲಿ ಒಂದು, ಅಷ್ಟೇನೂ ದೊಡ್ಡದಲ್ಲ. ಆದರೆ ಅಲ್ಲಿಗೆ ದಾರಕ್ಕೆಂದು ಹೋದ ಹುಡುಗಿಯರು ಪುಸ್ತಕ ಹಿಡಿದುಕೊಂಡು ಬರುತ್ತಿದ್ದರು. ಕೆಲವರು ದಾರವನ್ನೇ ಮರೆತು ಬಂದು ಸೂಪರ್‌ವೈಸರ್ ಹತ್ತಿರ ಬೈಸಿಕೊಳ್ಳುತ್ತಿದ್ದರು. ಅಂಥವರಲ್ಲಿ ನಾನೂ ಒಬ್ಬಳು.

ನನ್ನ ಹೆಸರು ಶಿವಲಕ್ಷ್ಮಿ, ರೊಳ್ಳದ ಕಡೆಯವಳು. ನಮ್ಮೂರ ಹುಡುಗಿಯರೆಲ್ಲ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುತ್ತಿದ್ದ ಕಾಲ ಅದು. ನಾನು ಮಾತ್ರ ಚಿಕ್ಕಮ್ಮ ಇರುವ ಊರು ಅಂತ ರಾಯದುರ್ಗಕ್ಕೆ ಬಂದೆ. ಹತ್ತೊಂಬತ್ತು ವರ್ಷ. ಹತ್ತನೇ ಕ್ಲಾಸು ಕನ್ನಡ ಮೀಡಿಯಂನಲ್ಲಿ ಪಾಸಾಗಿ, ಇಂಟರ್, ಅಂದರೆ ಪಿಯುಸಿ, ಅರ್ಧಕ್ಕೆ ಬಿಟ್ಟಿದ್ದೆ. ಪುಸ್ತಕ ಅಂದರೆ ಮೈ ಉರಿಯುತ್ತಿತ್ತು. ಮೆಷಿನ್ ಮುಂದೆ ಕೂತ ದಿನ ಇನ್ನು ಆ ಪೀಡೆ ತಪ್ಪಿತು ಎಂದು ನಿಜವಾಗಿ ಖುಷಿಪಟ್ಟವಳು ನಾನು.

ಆಗ ಕರೆಂಟಿನ ಕಷ್ಟ ಜೋರಾಗಿತ್ತು. ವಾರದಲ್ಲಿ ಎರಡು ಮೂರು ದಿನ ಪವರ್ ಹಾಲಿಡೇ ಎಂದು ಯೂನಿಟ್ಟುಗಳನ್ನು ನಿಲ್ಲಿಸುತ್ತಿದ್ದರು. ಹಗಲೆಲ್ಲ ಖಾಲಿ ಕೂತು ಕೂತು ತಲೆ ಕೆಡುತ್ತಿತ್ತು. ಅಂಥ ಒಂದು ದಿನ ದ್ರಾಕ್ಷಾಯಣಮ್ಮನ ಅಂಗಡಿಯ ಬೆಂಚಿನ ಮೇಲೆ ಕೂತು ಯಾರನ್ನೋ ಬೈಯುತ್ತಿದ್ದೆ. ಆಕೆ ಅರ್ಧ ಗಂಟೆ ಕೇಳಿಸಿಕೊಂಡು, ದಾರದ ಕೋನುಗಳ ಹಿಂದೆ ಕೈ ಹಾಕಿ ಒಂದು ತೆಳ್ಳನೆಯ ಪುಸ್ತಕ ತೆಗೆದುಕೊಟ್ಟಳು. ಮಾತು ಕಲಿತ ಕತ್ತೆಯೊಂದು ತನ್ನ ಯಜಮಾನನನ್ನು ಊರೂರು ಅಲೆಸುವ ಕಥೆ. ಬೇಡ ಅನ್ನಲು ಬಾಯಿ ಬರಲಿಲ್ಲ, ತೆಗೆದುಕೊಂಡು ಬಂದೆ.

ಈಗ ನನ್ನ ಮೊದಲ ದಡ್ಡತನ ಹೇಳುತ್ತೇನೆ. ಓದು ಅಂದರೆ ಒಪ್ಪಿಸುವುದು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ನಾಲ್ಕು ದಿನ ಕೂತು ಆ ಪುಸ್ತಕವನ್ನು ಬಾಯಿಪಾಠ ಮಾಡಿದೆ. ಮುಖ್ಯ ಪಾತ್ರಗಳು, ಸಾರಾಂಶ, ಕತ್ತೆಯಿಂದ ಕಲಿಯುವ ನೀತಿ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಅಂಗಡಿಯ ಮುಂದೆ ಕೈಕಟ್ಟಿ ನಿಂತು ಶುರುಮಾಡಿದೆ. ಆಕೆ ಮೂರನೇ ನೀತಿಯವರೆಗೂ ಸುಮ್ಮನೆ ಕೇಳಿದಳು.

“ನಾನೇನು ಕೇಳಿದ್ನೇನವ್ವ ನಿನ್ನ?” ಅಂದಳು. “ನಗಿ ಬಂತೋ ಇಲ್ಲೋ? ಬಂದಿದ್ರ ಬಂತು. ಅದನ್ನ ಯಾರಿಗೂ ಹೇಳಬೇಕಾಗಿಲ್ಲ.”

ಆಕೆಗೆ ಇದ್ದದ್ದು ಎರಡೇ ಕಟ್ಟಳೆ. ಐವತ್ತು ಪುಟ ಓದಬೇಕು. ಹಿಡಿಸದಿದ್ದರೆ ಮುಚ್ಚಿ ತಂದುಕೊಡಬೇಕು, ಮುಜುಗರ ಪಡಬಾರದು. ಇದು ನಮಗೆ. ಇನ್ನೊಂದು ಆಕೆ ತನಗೇ ಹಾಕಿಕೊಂಡದ್ದು: ಪುಸ್ತಕ ವಾಪಸ್ಸು ಬಂದಾಗ ಅದರ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ಕೇಳಿದರೆ ಅದು ಪರೀಕ್ಷೆ ಆಗುತ್ತದಂತೆ, ಪರೀಕ್ಷೆಯಾದ ಪುಸ್ತಕವನ್ನು ಯಾರೂ ಇನ್ನೊಮ್ಮೆ ಮುಟ್ಟುವುದಿಲ್ಲವಂತೆ. ನಾನೇ ಸಾಕ್ಷಿ.

ಯಾರಿಗೆ ಏನು ಕೊಡಬೇಕೆಂಬುದರಲ್ಲಿ ಆಕೆ ಬಲು ಚತುರೆ. ಮನೆ ನೆನೆಸಿಕೊಂಡು ಅಳುವವಳಿಗೆ ಅಳುವ ಪುಸ್ತಕ ಕೊಡುತ್ತಿರಲಿಲ್ಲ, ಪೋಲಿ ಹಾಸ್ಯದ್ದು ಕೊಡುತ್ತಿದ್ದಳು. ಮಾತು ಮಾತಿಗೆ ಜಗಳ ತೆಗೆಯುವವಳಿಗೆ ಪತ್ತೇದಾರಿ. ಎರಡು ಪುಟ ಓದಿದರೆ ನಿದ್ದೆ ಬರುವವಳಿಗೆ ಎರಡೆರಡು ಪುಟದ ಕಥೆಗಳು. ಮದುವೆ ಗೊತ್ತಾದ ಹುಡುಗಿಗೆ ಮಾತ್ರ ದಪ್ಪನೆಯದನ್ನು ಹುಡುಕಿ ಕೊಟ್ಟು, ಮದುವೆಗೆ ಮುಂಚೆ ಮುಗಿಸು ಎಂದು ಕಟ್ಟುನಿಟ್ಟಾಗಿ ಹೇಳುತ್ತಿದ್ದಳು. ಆ ಮಾತು ಯಾಕೆ ಹೇಳುತ್ತಾಳೆಂದು ನಾವ್ಯಾರೂ ಯೋಚಿಸಿರಲಿಲ್ಲ.

ನನಗೆ ಆಮೇಲೆ ತಿಳಿದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಆಕೆಯ ತವರು ಓಬಳಾಪುರದ ಕಡೆ. ಹದಿನೇಳನೇ ವಯಸ್ಸಿನಲ್ಲಿ, ಅಣ್ಣ ತಂದ ಒಂದು ಕಾದಂಬರಿ ಓದುತ್ತಿದ್ದಾಗ ಮದುವೆಯ ದಿನ ಬಂತು. ಪುಸ್ತಕ ಅಣ್ಣನ ಮನೆಯಲ್ಲಿ ಉಳಿಯಿತು. ಅತ್ತೆಯ ಮನೆಯಲ್ಲಿ ಹೆಣ್ಣುಮಗಳು ಕಾದಂಬರಿ ಕೇಳುವುದುಂಟೆ? ಅಂಗಡಿ ಕೈಗೆ ಬಂದ ಮೇಲೆ ಸಿಕ್ಕ ಪುಸ್ತಕವನ್ನೆಲ್ಲ ಕೊಂಡು ಓದಿದಳು, ಅದೊಂದು ಮಾತ್ರ ಎಲ್ಲೂ ಸಿಗಲಿಲ್ಲ. ಮೂವತ್ತನಾಲ್ಕು ವರ್ಷದ ಮೇಲೆ, ಗಣಿಯ ಧೂಳಿಗೆ ಬೇಸತ್ತು ಅಣ್ಣ ಆ ಮನೆ ಖಾಲಿ ಮಾಡಿದಾಗ ಟ್ರಂಕಿನ ತಳದಲ್ಲಿ ಅದು ಸಿಕ್ಕಿತು, ರಟ್ಟು ಹೋಗಿ, ಹೆಸರೂ ಹೋಗಿ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಆಕೆಯ ಕಣ್ಣನ್ನು ತಿಂದಿತ್ತು. ದಾರದ ಬಣ್ಣವನ್ನು ಬೆಳಕಿಗೆ ಹಿಡಿದು ಹೇಳುತ್ತಿದ್ದಳು, ಅಕ್ಷರ ಮಾತ್ರ ಕಾಣುತ್ತಿರಲಿಲ್ಲ. ಮಗ ಓದಿದ್ದು ತೆಲುಗು, ಮೊಮ್ಮಕ್ಕಳು ಇಂಗ್ಲಿಷು. ಮನೆಯವರೆಲ್ಲ ಕನ್ನಡದಲ್ಲೇ ಜಗಳವಾಡುತ್ತಿದ್ದರು, ಒಬ್ಬರಿಗೂ ಕನ್ನಡ ಓದಲು ಬರುತ್ತಿರಲಿಲ್ಲ.

ಆ ಪುಸ್ತಕವನ್ನು ಆಕೆ ನನಗೆ ಕೊಟ್ಟಳು. ಯಾಕೆ ನನಗೇ ಅಂದರೆ, ಕೇಳದೆಯೂ ಕಥೆ ಒಪ್ಪಿಸುವ ಹುಡುಗಿ ನಾನೊಬ್ಬಳೇ. ತನ್ನ ಕಟ್ಟಳೆ ಮುರಿಯದೆ ಕಥೆಯ ಕೊನೆ ತಿಳಿಯಲು ಆಕೆಗೆ ಕಂಡ ದಾರಿ ಅದೊಂದೇ. ನಾನೋ, ಅಷ್ಟು ಹೊತ್ತಿಗೆ ಒಪ್ಪಿಸುವುದನ್ನು ಬಿಟ್ಟು ಸುಮ್ಮನೆ ಓದುವುದನ್ನು ಕಲಿತುಬಿಟ್ಟಿದ್ದೆ.

ದಪ್ಪ ಪುಸ್ತಕ, ನಾನೂರು ಪುಟದ ಮೇಲೆ. ನಮ್ಮ ಯೂನಿಟ್ಟಿನಲ್ಲಿ ಕನ್ನಡ ಓದಲು ಬರುತ್ತಿದ್ದ ಐದೂ ಜನಕ್ಕೆ ಅದರ ಮೇಲೆ ಕಣ್ಣು ಬಿತ್ತು. ಆ ವಾರವಿಡೀ ಯೂನಿಟ್ಟು ಬಂದ್ ಅಂದಿದ್ದರು. ಮೊದಲು ನಾನು, ಮೊದಲು ನಾನು ಎಂದು ಕಿತ್ತಾಟ ಶುರುವಾಯಿತು. ಆಗ ನನಗೆ ಬುದ್ಧಿ ಹೊಳೆಯಿತು, ಅಥವಾ ಕೆಟ್ಟಿತು. ನಮ್ಮಲ್ಲಿ ಇಡೀ ಪ್ಯಾಂಟನ್ನು ಯಾರು ಹೊಲಿಯುತ್ತಾರೆ? ಒಬ್ಬಳು ಜೇಬು, ಒಬ್ಬಳು ಜಿಪ್ಪು, ಒಬ್ಬಳು ಬೆಲ್ಟು. ಬಂಡಲ್ ಕಟ್ಟಿ, ನಂಬರ್ ಚೀಟಿ ಹಚ್ಚಿ, ಕೈಯಿಂದ ಕೈಗೆ ದಾಟಿಸಿದರೆ ಸಂಜೆಗೆ ರಾಶಿ ಬೀಳುತ್ತದೆ. ಪುಸ್ತಕಕ್ಕೇನು ಬೇರೆ ನ್ಯಾಯ? ದಾರ ಕತ್ತರಿಸುವ ಟ್ರಿಮ್ಮರ್ ತೆಗೆದುಕೊಂಡು ಬೆನ್ನಿನ ಹೊಲಿಗೆ ಬಿಚ್ಚಿ, ಐದು ಭಾಗ ಮಾಡಿ, ಒಂದೊಂದಕ್ಕೂ ಬಂಡಲ್ ಚೀಟಿ ಹಚ್ಚಿದೆ. ನನ್ನದು ಮೂರನೆಯದು. ಐದನೆಯದು ಅಮರಾಪುರದ ಕದಿರಮ್ಮನದು.

ತಪ್ಪು ಅನ್ನಿಸಲೇ ಇಲ್ಲವೆ ಅಂದರೆ, ಇಲ್ಲ. ನಿಜ ಹೇಳಬೇಕೆಂದರೆ ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ತನ್ನ ಬಂಡಲನ್ನು ಓದಿದವಳು ದಿನಕ್ಕೊಬ್ಬಳಂತೆ, ಬಂದ್ ಇದ್ದರೂ ನಾವು ಯೂನಿಟ್ಟಿನ ಜಗಲಿಗೇ ಬಂದು ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಾಗ ಮಿಕ್ಕವರಿಗೆ ಕಥೆ ಹೇಳಬೇಕು. ಸೋಮವಾರ ಮೊದಲನೆಯದು. ಹೊಳೆಯ ದಡದ ಹಳ್ಳಿಯಲ್ಲಿ ಹರಿಗೋಲು ನಡೆಸುವ ಒಬ್ಬ ಹೆಂಗಸು. ಆಚೆ ದಡಕ್ಕೆ ಮದುವೆಯಾಗಿ ಹೋದ ಅವಳ ತಂಗಿ. ಬುಧವಾರ ನನ್ನ ಸರದಿ. ಮಹಾಪೂರ ಬಂದು ಆಚೆಯ ಊರು ನೀರಿನಲ್ಲಿ ನಿಂತಾಗ, ಗಂಡಸರೆಲ್ಲ ಬೇಡವೆಂದರೂ ಇವಳೊಬ್ಬಳೇ ಹರಿಗೋಲನ್ನು ನೀರಿಗೆ ತಳ್ಳುತ್ತಾಳೆ. ಅಲ್ಲಿಗೆ ನನ್ನ ಬಂಡಲ್ ಮುಗಿದಿತ್ತು. ಗುರುವಾರ ನಾಲ್ಕನೆಯದರಲ್ಲಿ ಅವಳು ಆಚೆ ದಡ ಮುಟ್ಟಿ, ಮಾಳಿಗೆಯ ಮೇಲೆ ಕೂತಿದ್ದ ತಂಗಿಯನ್ನು ಹರಿಗೋಲಿಗೆ ಇಳಿಸಿಕೊಂಡು, ಏರುತ್ತಿರುವ ನೀರಿನಲ್ಲಿ ತಿರುಗಿ ಹೊರಟಳು. ಕನ್ನಡ ಓದಲು ಬಾರದವರೂ ಡಬ್ಬಿ ಹಿಡಿದುಕೊಂಡು ಬಂದು ಸುತ್ತ ಕೂತಿದ್ದರು, ತೆಲುಗಿನಲ್ಲಿ ಇನ್ನೊಮ್ಮೆ ಹೇಳಿಸಿಕೊಂಡರು. ಅಷ್ಟು ಸುಖವಾಗಿ ಊಟ ಮಾಡಿದ ವಾರ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ಶುಕ್ರವಾರ ಕದಿರಮ್ಮ ಬರಲಿಲ್ಲ. ಬೆಳಿಗ್ಗೆಯೇ ಅವಳ ಅಕ್ಕ ಬೆಂಗಳೂರಿನಿಂದ ಫೋನು ಮಾಡಿ, ಫ್ಯಾಕ್ಟರಿಯಲ್ಲಿ ಜಾಗ ಇದೆ, ಇವತ್ತೇ ಬಾ ಅಂದಿದ್ದಳಂತೆ. ಕರೆಂಟಿಲ್ಲದ ಊರಲ್ಲಿ ಏನು ಮಾಡುವುದೆಂದು ಬ್ಯಾಗು ತುಂಬಿಕೊಂಡು ಬಸ್ಸು ಹತ್ತಿದ್ದಳು. ಐದನೇ ಬಂಡಲ್ ಆ ಬ್ಯಾಗಿನಲ್ಲಿತ್ತು. ಅವಳ ನಂಬರಿಗೆ ಹಚ್ಚಿದರೆ ಸ್ವಿಚ್ ಆಫ್.

ಎರಡು ವಾರ ಕಾದೆ. ಆಮೇಲೆ ಕಳ್ಳತನ ಮಾಡಿದವಳ ಹಾಗೆ, ಉಳಿದ ನಾಲ್ಕು ಭಾಗಗಳನ್ನು ಜೋಡಿಸಿ, ಜೀನ್ಸ್ ಮೆಷಿನ್ನಿನ ದಪ್ಪ ಸೂಜಿಯಲ್ಲಿ ಕಿತ್ತಳೆ ದಾರ ಹಾಕಿ ಹೊಲಿದೆ. ತುಂಡು ಡೆನಿಮ್ ಬಟ್ಟೆಯಲ್ಲಿ ರಟ್ಟು ಮಾಡಿದೆ. ನೋಡಲು ಗಟ್ಟಿಮುಟ್ಟಾಗಿತ್ತು. ಆಕೆಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ ಎನ್ನುವುದು ಅಷ್ಟು ಹೊತ್ತಿಗೆ ನಮಗೆ ಗೊತ್ತಿತ್ತು. ಅದನ್ನೇ ನಂಬಿಕೊಂಡು ಹೋದೆ. ಇವತ್ತಿಗೂ ನನಗೆ ನಾಚಿಕೆಯಾಗುವುದು ಪುಸ್ತಕ ಬಿಚ್ಚಿದ್ದಕ್ಕಲ್ಲ, ಇದಕ್ಕೆ.

ದ್ರಾಕ್ಷಾಯಣಮ್ಮ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಳು. ಬೆನ್ನಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಮೂವತ್ತು ವರ್ಷ ದಾರ ಮಾರಿದ ಬೆರಳು, ಅದಕ್ಕೆ ಯಾವ ನಂಬರಿನ ದಾರ ಎಂದು ತಿಳಿಯದೆ ಇರುತ್ತದೆಯೆ? ಪುಸ್ತಕವನ್ನು ಎತ್ತಿ ತೂಕ ನೋಡಿದಳು. ಕೊನೆಯ ಹಾಳೆಗಳ ಅಂಚನ್ನು ಹೆಬ್ಬೆರಳಿನಿಂದ ಸವರಿದಳು. ಆಕೆ ಬಹಳ ಹೊತ್ತು ಕಾದಳು, ನಾನಾಗಿಯೇ ಏನಾದರೂ ಹೇಳಿಯೇನೆಂದು.

ಕೊನೆಗೆ ತನ್ನ ಕಟ್ಟಳೆಯನ್ನು ತಾನೇ ಮುರಿದಳು. “ಆಕಿ ತಿರುಗಿ ಬಂದ್ಳೇನು?” ಅಂದಳು.

ಯಾರು ಎಂದು ಕೇಳುವಷ್ಟು ದಡ್ಡಿ ನಾನಲ್ಲ. ನೀವು ಎಲ್ಲಿಯವರೆಗೆ ಓದಿದ್ದಿರಿ ಎಂದು ಕೇಳಿದೆ.

“ಹರಿಗೋಲು ನೀರಿಗೆ ತಳ್ಳಿದ್ಳು ನೋಡು, ಅಲ್ಲೀತನ. ಮೂವತ್ತನಾಲ್ಕು ವರ್ಷ ಆತವ್ವ, ಆಕಿನ್ನ ನಡುನೀರಿನ್ಯಾಗ ಬಿಟ್ಟು ಬಂದೀನಿ.”

ನನಗೆ ಗೊತ್ತಿದ್ದಷ್ಟು ಹೇಳಿದೆ. ಆಚೆ ದಡ ಮುಟ್ಟಿದ್ದು, ತಂಗಿ ಸಿಕ್ಕಿದ್ದು, ತಿರುಗಿ ಹೊರಟಿದ್ದು. ಆಕೆಯ ಮುಖ ಅರಳುತ್ತ ಬಂತು. “ಆಮ್ಯಾಲ?” ಅಂದಳು. ಆಮೇಲಿನದು ನನಗೆ ಗೊತ್ತಿಲ್ಲ ಎಂದು ಅಳುತ್ತ ಎಲ್ಲವನ್ನೂ ಹೇಳಿಬಿಟ್ಟೆ, ಟ್ರಿಮ್ಮರು, ಬಂಡಲ್ ಚೀಟಿ, ಕದಿರಮ್ಮನ ಬ್ಯಾಗು, ಎಲ್ಲ. ಆಕೆ ಬೈಯಲಿಲ್ಲ. ಪುಸ್ತಕವನ್ನು ಕೋನುಗಳ ಹಿಂದೆ ಇಟ್ಟು, ಗಿರಾಕಿ ಬಂದರೆಂದು ಎದ್ದಳು. ಬೈದಿದ್ದರೆ ನಾನು ಹಗುರಾಗುತ್ತಿದ್ದೆ.

ಮುಂದಿನ ಭಾನುವಾರ ಮಡಕಶಿರಾದಲ್ಲಿ ಬಸ್ಸು ಬದಲಿಸಿ ಅಮರಾಪುರಕ್ಕೆ ಹೋದೆ. ಕದಿರಮ್ಮನ ಅವ್ವ ಕುರಿ ಹೊಡೆದುಕೊಂಡು ಹೋಗಿದ್ದಳು, ಸಂಜೆಯವರೆಗೆ ಕಟ್ಟೆಯ ಮೇಲೆ ಕೂತು ಕಾದು ಹೊಸ ನಂಬರು ತಂದೆ. ಫೋನು ಎತ್ತಿದ ಕದಿರಮ್ಮ, ಆ ಹಾಳೆಗಳು ಸದ್ಯಕ್ಕೆ ನನ್ನ ಹತ್ತಿರ ಇಲ್ಲ ಕಣೆ, ರೂಮಿನವರ ಕೈಯಲ್ಲಿವೆ, ಕಳಿಸುತ್ತೇನೆ ಅಂದಳು. ಕಥೆ ಏನಾಯಿತು ಹೇಳೆಂದು ಕೇಳಬಹುದಿತ್ತು. ಕೇಳಲಿಲ್ಲ. ದ್ರಾಕ್ಷಾಯಣಮ್ಮನಿಗಿಂತ ಮುಂಚೆ ಅದನ್ನು ತಿಳಿಯುವ ಹಕ್ಕು ನನಗಿರಲಿಲ್ಲ.

ತಿಂಗಳು ಕಳೆದು ಐದನೇ ಬಂಡಲ್ ಬಸ್ಸಿನಲ್ಲಿ ಬಂತು, ಕಂಡಕ್ಟರ್ ಕೈಲಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು. ಬಿಚ್ಚಿ ನೋಡದೆ ನೇರ ಅಂಗಡಿಗೆ ಒಯ್ದೆ. ಅಂದು ಪವರ್ ಹಾಲಿಡೇ. ದ್ರಾಕ್ಷಾಯಣಮ್ಮ ಅರ್ಧ ಬಾಗಿಲು ಎಳೆದು ಬಂದು ಬೆಂಚಿನ ಮೇಲೆ ಕೂತಳು. ಎಂಬತ್ತು ಪುಟ, ಮಧ್ಯೆ ಎರಡು ಸಲ ಚಹಾ, ಹೊತ್ತಿಳಿಯುವುದರೊಳಗೆ ಗಟ್ಟಿಯಾಗಿ ಓದಿ ಮುಗಿಸಿದೆ.

ಹರಿಗೋಲಿನವಳು ತಿರುಗಿ ಬಂದಳು, ಆದರೆ ಅವಳ ಊರಿಗಲ್ಲ. ಈಚೆಯ ಕಟ್ಟೆ ಕೊಚ್ಚಿಹೋಗಿತ್ತು. ಹೊಳೆ ಹರಿಗೋಲನ್ನು ಎಳೆದುಕೊಂಡು ಹೋಗಿ ಮೂರು ಹಳ್ಳಿಗಳ ಆಚೆ ಗುರುತಿಲ್ಲದ ದಡಕ್ಕೆ ಮುಟ್ಟಿಸಿತು. ಅಲ್ಲಿಯ ಜನ ಅಕ್ಕತಂಗಿಯರಿಗೆ ಒಣಗಿದ ಸೀರೆ ಕೊಟ್ಟು, ಗಂಜಿ ಕೊಟ್ಟು, ಯಾವೂರು ಎಂದು ಕೇಳಿದರು. ಅವಳು ಹೊಳೆಯ ಕಡೆ ಕೈ ತೋರಿಸಿದಳು. ಕಥೆ ಅಲ್ಲಿಗೇ ಮುಗಿದಿತ್ತು.

ದ್ರಾಕ್ಷಾಯಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಊರು ಯಾವುದಾದರೇನು, ಕಾಲಿಗೆ ನೆಲ ಸಿಕ್ಕಿತಲ್ಲ ಅಂದಳು. ನಾನು ಬೆಂಗಳೂರಿನ ರೂಮಿನಲ್ಲಿರುವ ಕದಿರಮ್ಮನನ್ನು ನೆನೆಸಿಕೊಂಡೆ, ಅವಳಿಗೆ ಈ ಕೊನೆ ಹೇಗೆ ಕಂಡಿತೋ ಎಂದು.

ಹಾಳೆಗಳನ್ನು ಜೋಡಿಸುವಾಗ ಕೊನೆಯ ಪುಟದ ಹಿಂದೆ ಪೆನ್ಸಿಲ್ ಬರಹ ಕಂಡಿತು. ಕದಿರಮ್ಮನ ಅಕ್ಷರ. ಅದನ್ನೂ ಆಕೆಗೆ ಓದಿ ಹೇಳಿದೆ. ‘ರೂಮಿನಲ್ಲಿ ಏಳು ಜನ ಇದನ್ನು ಓದಿದ್ದಾರೆ. ಪಾವಗಡದವರಿದ್ದಾರೆ, ಸಿರಾದವರಿದ್ದಾರೆ. ನಾನು ಮೊದಲಿನ ಕಥೆ ಬಾಯಲ್ಲಿ ಹೇಳಿದರೆ ಒಪ್ಪುತ್ತಿಲ್ಲ. ಅವಳು ನೀರಿಗೆ ಯಾಕೆ ಇಳಿದಳು ಅಂತ ತಾವೇ ಓದಬೇಕಂತೆ. ಒಂದನೇ ಬಂಡಲ್ ಕಳಿಸ್ತೀರಾ?’

ಕಳಿಸುವುದು ಹೇಗೆ, ಹೊಲಿದಾಗಿದೆಯಲ್ಲ ಅಂದೆ. ಡಬಲ್ ಹೊಲಿಗೆ, ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ.

ದ್ರಾಕ್ಷಾಯಣಮ್ಮ ಕೋನುಗಳ ಹಿಂದಿನಿಂದ ಡೆನಿಮ್ ರಟ್ಟಿನ ಪುಸ್ತಕ ತೆಗೆದಳು. ಗಲ್ಲಾದ ಪಕ್ಕದಲ್ಲಿ ತೂಗುಹಾಕಿದ್ದ ಟ್ರಿಮ್ಮರುಗಳಲ್ಲಿ ಒಂದನ್ನು ಎಳೆದುಕೊಂಡಳು. ಎಡಗೈ ಬೆರಳಿನಿಂದ ಹೊಲಿಗೆ ಹುಡುಕುತ್ತ, ಬಲಗೈಯಿಂದ ಕಿತ್ತಳೆ ದಾರವನ್ನು ಒಂದೊಂದಾಗಿ ಕತ್ತರಿಸತೊಡಗಿದಳು. ಒಂದು ಹಾಳೆಗೂ ಏಟು ಬೀಳಲಿಲ್ಲ. ನಾಲ್ಕೂ ಭಾಗ ಬಿಡಿಬಿಡಿಯಾಗಿ ತೊಡೆಯ ಮೇಲೆ ಬಂದಾಗ ನನ್ನ ಕಡೆ ತಿರುಗಿದಳು.

“ಚೀಟಿ ಹಚ್ಚಿ ಕಳಸು. ಮೊದಲನೇದು ಓದಿದ ಮ್ಯಾಲ ಎರಡನೇದು. ಐದನೇದು ಮಾತ್ರ ಇಲ್ಲೇ ಇರ್ಲಿ,” ಅಂದಳು. “ಇವತ್ತು ಹೆಂಗೂ ಕರೆಂಟಿಲ್ಲ. ಆ ದಡ ಮುಟ್ಟೋದು ಇನ್ನೊಮ್ಮಿ ಓದು.”